ಕಾಂಪ್ಲೆಕ್ಸಿನ್ ಕೇಳಿಕೊಂಡು ಬಂದವನು

ಬಾಗಿಲಲ್ಲಿ ನಿಂತವನನ್ನು ಸುಷ್ಮಾ ನಲ್ಲಿ ರಿಪೇರಿಗೆ ಬಂದವನೆಂದೇ ತಿಳಿದಳು. ಖಾಕಿ ಅಂಗಿಯ ಜೇಬಿನ ಮೇಲೆ ನೀರಾವರಿ ಇಲಾಖೆಯ ಹೆಸರು, ಕೈಯಲ್ಲೊಂದು ಪ್ಲಾಸ್ಟಿಕ್ ಕವರ್.

“ಆ ಮೂಲೆ ಸಿಂಕ್ ನೋಡಿ. ಮೂರು ದಿನದಿಂದ ಸೋರ್ತಾ ಇದೆ,” ಎಂದಳು ರೆಕಾರ್ಡ್ ಬುಕ್ಕಿನಿಂದ ತಲೆ ಎತ್ತದೆ.

ಅವನು ಕವರನ್ನು ಜೋಪಾನವಾಗಿ ಮೇಜಿನ ಮೇಲಿಟ್ಟು, ಸಿಂಕಿನ ಕೆಳಗೆ ಬಗ್ಗಿ ಏನೋ ತಿರುಗಿಸಿದ. ತೊಟ್ಟಿಕ್ಕುವ ಸದ್ದು ನಿಂತಿತು.

“ವಾಷರ್ ಸವೆದೈತೆ ಮೇಡಂ. ಸದ್ಯಕ್ಕೆ ನಿಂತೈತೆ, ಹೊಸಾದು ಹಾಕಿಸ್ರಿ.” ಕರ್ಚೀಫಿನಲ್ಲಿ ಕೈ ಒರೆಸಿಕೊಂಡ. “ಇಲ್ಲಿ ಸುಷ್ಮಾ ಮೇಡಂ ಅಂದ್ರೆ ಯಾರ್ರಿ? ನಾನು ಕಾಂಪ್ಲೆಕ್ಸಿನ್ ಬಗ್ಗೆ ಕೇಳಾಕೆ ಬಂದಿದ್ದೆ.”

ಸುಷ್ಮಾಳ ಕೈಯಲ್ಲಿದ್ದ ಕೆಂಪು ಪೆನ್ನು ಹಾಗೇ ನಿಂತಿತು.

ಆ ಹೆಸರಿನ ಹಿಂದೆ ಅವಳು ಬೆಂಗಳೂರಿನ ಲ್ಯಾಬೊಂದರಲ್ಲಿ ಎಂಟು ವರ್ಷ ಕಳೆದಿದ್ದಳು. ಹಣ್ಣಿನ ಮೇಲೆ ಕೂರುವ ಪುಟ್ಟ ನೊಣಗಳನ್ನು ಸಾಕಿ, ಅವುಗಳ ನರಗಳಲ್ಲಿ ಒಂದು ಸಣ್ಣ ಪ್ರೋಟೀನು ಏನು ಮಾಡುತ್ತದೆಂದು ನೋಡುವುದೇ ಅವಳ ಕೆಲಸವಾಗಿತ್ತು. ಥೀಸಿಸ್ ಮುಗಿಯುವಷ್ಟರಲ್ಲಿ ಜೊತೆಯವರೆಲ್ಲ ಮದುವೆಯಾಗಿ, ಮಕ್ಕಳಾಗಿ, ದೂರವಾಗಿದ್ದರು. ತಂದೆಯ ಕಾಯಿಲೆಗೆಂದು ದಾವಣಗೆರೆಗೆ ಬಂದವಳು, ತಂದೆ ಹೋದ ಮೇಲೂ ಇಲ್ಲೇ ಉಳಿದಳು. ಮೆಡಿಕಲ್ ಕಾಲೇಜಿನ ಫಿಸಿಯಾಲಜಿ ವಿಭಾಗದಲ್ಲಿ ಪಾಠ, ದೇವರಾಜ ಅರಸು ಬಡಾವಣೆಯಲ್ಲಿ ಮಹಡಿಯ ಮೇಲೊಂದು ಬಾಡಿಗೆ ಮನೆ. ಮೂವತ್ತಾರು ದಾಟಿತ್ತು. ಮದುವೆ ಯಾವಾಗ ಎಂದು ಕೇಳುವವರೂ ಈಗ ಕೇಳುವುದನ್ನು ಬಿಟ್ಟಿದ್ದರು.

ಕಾಂಪ್ಲೆಕ್ಸಿನ್ ಎಂಬ ಹೆಸರನ್ನು ಅವಳ ತಂದೆ ಕೂಡ ಒಮ್ಮೆಯೂ ಸರಿಯಾಗಿ ಹೇಳಿರಲಿಲ್ಲ. ಈ ಮನುಷ್ಯ ತಡವರಿಸದೆ ಹೇಳಿದ್ದ.

“ನಾನೇ ಸುಷ್ಮಾ. ಕೂತ್ಕೊಳ್ಳಿ. ಸಿಂಕ್ ವಿಷಯ... ಸಾರಿ.”

“ಇರ್ಲಿ ಬಿಡ್ರಿ. ಬಂದ ಕೂಡ್ಲೇ ಕೆಲಸ ಕೊಟ್ರಿ, ಖಾಲಿ ಕೈಯಾಗೆ ಬಂದಂಗೆ ಆಗ್ಲಿಲ್ಲ.”

ಅವನು ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಒಂದು ಗೆರೆ ಮೂಡಿತು. ಅವಳು ಅದನ್ನು ನೋಡಿದಳು, ನೋಡಿದ್ದು ತನಗೇ ಗೊತ್ತಾಗಿ ಕವರಿನತ್ತ ಕಣ್ಣು ತಿರುಗಿಸಿದಳು.

ಹೆಸರು ಬಕ್ಕೇಶ್. ಮನೆ ಹರಿಹರದಲ್ಲಿ, ಕೆಲಸ ಮಲೆಬೆನ್ನೂರಿನ ಬಳಿ ಭದ್ರಾ ಕಾಲುವೆಯಿಂದ ನೀರು ಬಿಡುವ ತೂಬುಗಳ ಮೇಲೆ. ಮಗಳು ಕೃತಿಕಾಳಿಗೆ ಐದು ವರ್ಷ. ಹುಟ್ಟಿದ ಕೆಲವೇ ತಿಂಗಳಿಗೆ ಫಿಟ್ಸ್ ಶುರುವಾಗಿತ್ತು. ಮಾತಿಲ್ಲ, ನಡಿಗೆಯಿಲ್ಲ. ಇಷ್ಟು ವರ್ಷ ಆಸ್ಪತ್ರೆ ಅಲೆದ ಮೇಲೆ ಯಾರೋ ಡಾಕ್ಟರು ಜೀನ್ ಟೆಸ್ಟ್ ಮಾಡಿಸಿದ್ದರು. ರಿಪೋರ್ಟ್ ಬಂತು. ಅದನ್ನು ವಿವರಿಸಲು ಲ್ಯಾಬಿನ ಹುಡುಗಿ ಫೋನಿನಲ್ಲಿ ಹತ್ತು ನಿಮಿಷ ಇಂಗ್ಲಿಷು ಹಿಂದಿ ಕಲೆಸಿ ಮಾತಾಡಿದ್ದಳು. ಅವನಿಗೆ ಅರ್ಥವಾದದ್ದು ಎರಡೇ: ಕಾಯಿಲೆಗೆ ಕಾರಣ ಕಾಂಪ್ಲೆಕ್ಸಿನ್, ತನಗೇನೂ ತೊಂದರೆಯಿಲ್ಲ. ಆ ಹೆಸರನ್ನು ಮೊಬೈಲಿನಲ್ಲಿ ಹುಡುಕುತ್ತಾ ಹೋದಾಗ ಸುಷ್ಮಾಳ ಥೀಸಿಸ್ ಸಿಕ್ಕಿತ್ತು, ಅವಳ ಹೆಸರಿನ ಜೊತೆಗೆ ದಾವಣಗೆರೆಯ ಈ ಕಾಲೇಜು ಕೂಡ.

“ಏನ್ ಮಾಡ್ತೈತ್ರಿ ಇದು? ಅಷ್ಟ್ ತಿಳಿದ್ರೆ ಸಾಕು ನನಗೆ.”

ಸುಷ್ಮಾ ಬಿಳಿ ಹಾಳೆ ಎಳೆದುಕೊಂಡು ಚಿತ್ರ ಬಿಡಿಸತೊಡಗಿದಳು. “ನರಗಳು ಒಂದಕ್ಕೊಂದು ಅಂಟ್ಕೊಂಡಿರಲ್ಲ. ನಡುವೆ ಸಣ್ಣ ಸಂದು ಇರುತ್ತೆ. ಈ ನರದ ತುದೀಲಿ ಪುಟ್ಟ ಪುಟ್ಟ ಚೀಲಗಳು, ಅದರೊಳಗೆ ಕೆಮಿಕಲ್. ಮಿದುಳಿಂದ ಸಂದೇಶ ಬಂದಾಗ ಚೀಲ ಬಾಯಿ ಬಿಟ್ಟು ಆ ಕೆಮಿಕಲ್ ಸುರಿಯುತ್ತೆ, ಆಚೆ ನರಕ್ಕೆ ಮಾತು ಮುಟ್ಟುತ್ತೆ.”

“ಹ್ಞೂಂ.”

“ಚೀಲ ಗೋಡೆಗೆ ಒತ್ತಿಕೊಂಡು ತಯಾರಾಗಿ ನಿಂತಿರುತ್ತಲ್ಲ, ಆಗ ಕಾಂಪ್ಲೆಕ್ಸಿನ್ ಅದನ್ನ ಹಿಡಿದಿಡುತ್ತೆ. ತುಂಬಾ ಸಣ್ಣ ಪ್ರೋಟೀನು. ಸಂದೇಶ ಬರೋವರೆಗೂ ಸುಮ್ಸುಮ್ನೆ ಸುರಿಯೋಕೆ ಬಿಡಲ್ಲ. ಸಂದೇಶ ಬಂದು ಕ್ಯಾಲ್ಸಿಯಂ ಒಳಗೆ ನುಗ್ಗಿದ ತಕ್ಷಣ ಎಲ್ಲಾ ಒಟ್ಟಿಗೆ ಸುರಿಯೋಕೆ ಸಹಾಯ ಮಾಡೋದೂ ಅದೇ.”

ಬಕ್ಕೇಶ್ ಹಾಳೆಯನ್ನು ತನ್ನತ್ತ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದ.

“ನಮ್ಮ ತೂಬಿನ ಗೇಟ್ ಇದ್ದಂಗೆ ಆತಲ್ರಿ. ಬ್ಯಾಡ ಅಂದಾಗ ತಡೀಬೇಕು, ಬಿಡು ಅಂದಾಗ ಸರಕ್ಕನೆ ಏಳಬೇಕು. ಗೇಟ್ ಕೆಡ್ತು ಅಂದ್ರೆ ಬ್ಯಾಡಾದಾಗ ಸೋರ್ತೈತೆ, ಬೇಕಾದಾಗ ಏಳಂಗಿಲ್ಲ.”

“ಹೌದು. ಸರಿಯಾಗಿ ಹೇಳಿದ್ರಿ.”

“ನನ್ನ ಮಗಳಿಗೂ ಹಂಗೇ ಆಗ್ತೈತೆ. ಬ್ಯಾಡಾದಾಗ ಮೈಯೆಲ್ಲಾ ಅದರ್ತೈತೆ. ಬೇಕಾದಾಗ ಒಂದು ಕೈ ಎತ್ತಾಕೆ ಬರಂಗಿಲ್ಲ.” ಹಾಳೆಯಿಂದ ಕಣ್ಣೆತ್ತಿ ಕೇಳಿದ, “ಔಷಧಿ ಐತೇನ್ರಿ?”

“ಇಲ್ಲ. ಫಿಟ್ಸ್ ಕಡಿಮೆ ಮಾಡೋ ಮಾತ್ರೆ ಅಷ್ಟೇ.”

ಅವನು ತಲೆಯಾಡಿಸಿದ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿಗೆ ಇಟ್ಟುಕೊಂಡ.

ಕವರಿನಲ್ಲಿದ್ದ ರಿಪೋರ್ಟಿನ ಎರಡನೇ ಪುಟ ಸುಷ್ಮಾ ಓದಿದ್ದಳು. ಮಗುವಿನಲ್ಲಿ ಆ ಜೀನಿನ ಎರಡೂ ಪ್ರತಿಗಳು ಕೆಟ್ಟಿವೆ. ತಂದೆಯಲ್ಲಿ ಒಂದು ಪ್ರತಿ ಕೆಟ್ಟಿದೆ. ಮುಂದಿನ ಸಾಲು: ತಾಯಿಯ ಸ್ಯಾಂಪಲ್ ಲಭ್ಯವಿಲ್ಲ. ಮನೆಯಲ್ಲಿ ಯಾರ್ಯಾರಿದ್ದಾರೆಂದು ಕೇಳಿದ್ದಕ್ಕೆ ಅವನು “ನಾನು, ನಮ್ಮವ್ವ, ಕೃತಿ. ಮೂರೇ ಜನ” ಎಂದಿದ್ದ. ಹೆಂಡತಿ ತೀರಿಹೋಗಿರಬೇಕೆಂದು ಸುಷ್ಮಾ ಅಂದುಕೊಂಡಳು. ಸತ್ತವಳ ಮಾತನ್ನು ಯಾಕೆ ಕೆದಕಬೇಕೆಂದು ಆ ಪುಟವನ್ನು ಅಲ್ಲಿಗೇ ಮುಚ್ಚಿದಳು.

ಕೃತಿಗೆ ಬುಧವಾರ ದಾವಣಗೆರೆಯಲ್ಲಿ ಫಿಸಿಯೋಥೆರಪಿ. ಅಜ್ಜಿ ಮೊಮ್ಮಗಳ ಜೊತೆ ಒಳಗಿರುವ ಒಂದು ಗಂಟೆ ಬಕ್ಕೇಶ್ ಹೊರಗೆ ಕಾಯುತ್ತಿದ್ದ. ಮುಂದಿನ ಬುಧವಾರ ಆ ಒಂದು ಗಂಟೆಗೆ ಅವನು ಕಾಲೇಜಿಗೆ ಬಂದ. ಅದರ ಮುಂದಿನ ಬುಧವಾರವೂ ಬಂದ. ಕೇಳಲು ಪ್ರಶ್ನೆಗಳಿದ್ದವು, ನಿಜ. ನಾಲ್ಕನೇ ವಾರಕ್ಕೆ ಪ್ರಶ್ನೆಗಳು ಮುಗಿದವು. ಆಗ ಖಾರ ಮಂಡಕ್ಕಿಯ ಪೊಟ್ಟಣ ತಂದ.

“ಎಂಟು ವರ್ಷ ನೊಣ ಸಾಕಿದ್ರಂತಲ್ರಿ?”

“ಹ್ಞೂಂ.”

“ನಮ್ಮ ಕಡೆ ನೊಣ ಓಡಿಸ್ತಾರೆ. ಹೆಸರು ಗಿಸರು ಇಡ್ತಿದ್ರೋ?”

“ಬರೀ ನಂಬರ್.”

“ಪಾಪ, ನೊಣಗಳು,” ಎಂದ ಅವನು ಬಹಳ ಗಂಭೀರವಾಗಿ. ಅವಳಿಗೆ ಮಂಡಕ್ಕಿ ನೆತ್ತಿಗೇರುವಷ್ಟು ನಗು ಬಂತು. ಅವನು ನೀರಿನ ಬಾಟಲಿಯ ಮುಚ್ಚಳ ತೆಗೆದು ಮುಂದೆ ಹಿಡಿದ. ಕೆಮ್ಮಿ ಕಣ್ಣೊರೆಸಿಕೊಂಡು ನೋಡಿದರೆ, ಬಾಟಲಿ ಹಿಡಿದ ಕೈ ಹಾಗೇ ಇತ್ತು, ಕಣ್ಣು ಅವಳ ಮುಖದ ಮೇಲಿತ್ತು. ಇಬ್ಬರೂ ಒಟ್ಟಿಗೇ ಬೇರೆ ಕಡೆ ನೋಡಿದರು.

ಮಂಗಳವಾರ ಸಂಜೆ ಅವಳು ಸೀರೆಗೆ ಇಸ್ತ್ರಿ ಮಾಡತೊಡಗಿದಳು. ಗುರುವಾರದಿಂದ ಸೋಮವಾರದವರೆಗೆ ಮನೆ ಮೊದಲಿಗಿಂತ ದೊಡ್ಡದಾದಂತೆ ಕಾಣುತ್ತಿತ್ತು. ಒಂದು ಲೋಟ ಟೀ, ಒಂದು ತಟ್ಟೆ, ಒಂದು ಕುರ್ಚಿಯ ಮೇಲೆ ಮಾತ್ರ ಸವೆದ ಕುಶನ್. ಒಂಟಿತನ ಅವಳಿಗೆ ಹೊಸದಲ್ಲ. ಆದರೆ ಯಾರಾದರೂ ಬರುವ ದಿನವೊಂದು ವಾರದಲ್ಲಿ ಇದ್ದುಬಿಟ್ಟರೆ ಉಳಿದ ಆರು ದಿನ ಎಷ್ಟು ಉದ್ದ ಎಂಬುದು ಹೊಸದು.

ಒಂದು ಭಾನುವಾರ ಬಕ್ಕೇಶ್ ಅವಳನ್ನು ಹರಿಹರಕ್ಕೆ ಊಟಕ್ಕೆ ಕರೆದ.

ಹೊಳೆಯಿಂದ ಎರಡು ಬೀದಿ ಈಚೆಗಿತ್ತು ಮನೆ. ಬಕ್ಕೇಶನ ತಾಯಿ ಗುರುಶಾಂತಮ್ಮ ಬಾಗಿಲಲ್ಲೇ ಕೈ ಹಿಡಿದು, “ಬರ್ರಿ, ಬರ್ರಿ, ಕೂಡ್ರಿ. ವಾರವೆಲ್ಲಾ ನಿಮ್ಮದೇ ಮಾತು ನಮ್ಮ ಮನ್ಯಾಗೆ,” ಎಂದರು. ಕೃತಿ ಗೋಡೆಗೊರಗಿಸಿದ ದಿಂಬುಗಳ ನಡುವೆ ಕೂತು ಫ್ಯಾನ್ ನೋಡುತ್ತಿದ್ದಳು. ಸುಷ್ಮಾ ತೋರುಬೆರಳನ್ನು ಅವಳ ಅಂಗೈಯಲ್ಲಿಟ್ಟಾಗ ಮಗುವಿನ ಬೆರಳುಗಳು ನಿಧಾನವಾಗಿ, ಒಂದೊಂದಾಗಿ ಮುಚ್ಚಿಕೊಂಡವು. ಅಷ್ಟು ಮುಚ್ಚಿಕೊಳ್ಳಲು ಆ ನರಗಳು ಎಷ್ಟು ಪಾಡುಪಡುತ್ತಿವೆ ಎಂದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಕೈ ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಊಟವಾದ ಮೇಲೆ ಬಕ್ಕೇಶ್ ಬಾಳೆಹಣ್ಣು ತರಲು ಹೋದ. ಗುರುಶಾಂತಮ್ಮ ಹತ್ತಿರ ಸರಿದು ಕೂತರು.

“ನಿಮ್ಮಂಥೋರು ಈ ಮನಿಗೆ ಮೊದಲೇ ಬರಬೇಕಿತ್ತವ್ವ. ಇವನ ಹೆಂಡ್ತಿ ನನ್ನ ಖಾಸಾ ತಮ್ಮ ವಾಮದೇವಪ್ಪನ ಮಗಳೇ, ಐಶ್ವರ್ಯ. ಮನೀದೇ ಹುಡುಗಿ ಅಂತ ನಾನೇ ಹಟ ಹಿಡಿದು ತಂದ್ಕೊಂಡೆ. ಬಸಿರಿನಾಗೆ ಜ್ವರ ಬಂತು ಅಂತ ಯಾರನ್ನೂ ಕೇಳದೇ ಮಾತ್ರೆ ನುಂಗಿದ್ಲು. ಅದಕ್ಕೇ ಕೂಸಿಗೆ ಹಿಂಗಾತು.”

ಸುಷ್ಮಾ ಕೇಳಿದಳು, “ಈಗ ಅವರು...?”

“ಐದಾಳೆ, ಅವರಪ್ಪನ ಮನ್ಯಾಗೆ. ದಾವಣಗೆರೆ ಕೆ.ಬಿ. ಬಡಾವಣೆಯಾಗೆ ಬಟ್ಟೆ ಹೊಲೀತಾಳೆ. ಎರಡು ವರ್ಷ ಆತು ಹೋಗಿ. ನಾನು ಅಂದೆ, ನಿಜ. ಎದ್ದರೆ ಕುಂತರೆ ಅಂದೆ. ಒಂದಿನ ತಾನೇ ಕೂಸನ್ನ ನನ್ನ ಮಡಿಲಿಗೆ ಹಾಕಿ ಹೋದ್ಲು. ಈ ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ ಕೋರ್ಟಿನಾಗೆ ಡೈವೋರ್ಸಿಗೆ ಕಡೇ ದಿನ. ಇಬ್ಬರೂ ಒಪ್ಪಿ ಸಹಿ ಹಾಕಿದ್ರೆ ಮುಗೀತು.”

ತಮ್ಮನ ಮಗಳು. ಮುಚ್ಚಿಟ್ಟಿದ್ದ ಎರಡನೇ ಪುಟ ಸುಷ್ಮಾಳ ಕಣ್ಣ ಮುಂದೆ ತಾನಾಗಿ ತೆರೆದುಕೊಂಡಿತು. ಮಾತ್ರೆಗೂ ಇದಕ್ಕೂ ಸಂಬಂಧವೇ ಇಲ್ಲ. ಒಂದು ಕೆಟ್ಟ ಪ್ರತಿ ತಂದೆಯಿಂದ, ಒಂದು ತಾಯಿಯಿಂದ. ಬಕ್ಕೇಶನಿಗೆ ಅದು ಬಂದಿರುವುದು ಬಹುಶಃ ಎದುರಿಗೆ ಕೂತಿರುವ ಗುರುಶಾಂತಮ್ಮನಿಂದಲೇ, ಐಶ್ವರ್ಯಳಿಗೆ ಇವರ ತಮ್ಮನಿಂದ. ಹೇಳಲು ಎರಡು ನಿಮಿಷ ಸಾಕಿತ್ತು.

ಅವಳು ಹೇಳಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೆ ಬಕ್ಕೇಶ್ ಜೊತೆಗೆ ಬಂದ. ಬಸ್ಸು ಹೊರಡುವಾಗ ಕಿಟಕಿಯ ಕಂಬಿ ಹಿಡಿದು, “ನೀವು ಬಂದು ಕೂತ್ರೆ ಮನೆ ತುಂಬಿದಂಗೆ ಇತ್ರಿ,” ಎಂದ. ಕಿವಿಯವರೆಗೂ ಕೆಂಪಾಗಿದ್ದ. ಇಂಥ ಒಂದು ಮಾತಿಗಾಗಿ ತಾನು ಎಷ್ಟು ವರ್ಷದಿಂದ ಕಾದಿದ್ದೆ ಎಂದು ಸುಷ್ಮಾಳಿಗೆ ಆಗಲೇ ತಿಳಿದದ್ದು.

ಆ ಬುಧವಾರ ಪರೀಕ್ಷೆ ಡ್ಯೂಟಿ ಇದೆಯೆಂದು ಸುಳ್ಳು ಮೆಸೇಜ್ ಕಳಿಸಿದಳು. ಮುಖ ನೋಡಿದರೆ ಹೇಳಿಬಿಡುತ್ತೇನೆಂಬ ಭಯ. ಹೇಳದಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಶುಕ್ರವಾರ ಇಬ್ಬರೂ ಸಹಿ ಹಾಕುತ್ತಾರೆ. ಕೃತಿಯ ಕಾಯಿಲೆ ಹೇಗಿದ್ದರೂ ಹಾಗೇ ಇರುತ್ತದೆ. ಗಂಡ ಹೆಂಡತಿ ಬೇರೆಯಾಗಿ ಎರಡು ವರ್ಷವಾಗಿದೆ, ತಾನೇನೂ ಮನೆ ಮುರಿದಂತಲ್ಲ. ಹೀಗೆಲ್ಲ ತನಗೆ ತಾನೇ ಹೇಳಿಕೊಂಡಳು. ಎದುರು ಕೂತು ಹೌದು ಎನ್ನುವವರಾಗಲಿ, ಅಲ್ಲ ಎನ್ನುವವರಾಗಲಿ ಯಾರೂ ಇರಲಿಲ್ಲ.

ಮುಂದಿನ ಮಂಗಳವಾರ ಮಧ್ಯಾಹ್ನ ತಡೆಯಲಾಗದೆ ಒಂದು ಬ್ಲೌಸ್ ಪೀಸ್ ಹಿಡಿದು, ವಾಮದೇವಪ್ಪನ ಮನೆ ಕೇಳಿಕೊಂಡು ಕೆ.ಬಿ. ಬಡಾವಣೆಗೆ ಹೋದಳು. ಮನೆಯ ಮುಂದಿನ ಕೋಣೆಯೇ ಟೈಲರಿಂಗ್ ಅಂಗಡಿ. ಮೆಷಿನ್ ಮುಂದೆ ಕೂತವಳಿಗೆ ಮೂವತ್ತೂ ಆಗಿರಲಿಕ್ಕಿಲ್ಲ. ಹಣೆಗೆ ಒದ್ದೆ ಬಟ್ಟೆ ಬಿಗಿದು ಕಟ್ಟಿಕೊಂಡಿದ್ದಳು, ಕಣ್ಣು ಕೆಂಪಗಿದ್ದವು. ಅಳತೆ ತೆಗೆಯಲು ಟೇಪು ಹಿಡಿದು ಹತ್ತಿರ ಬಂದಾಗ ಅವಳ ಕೈ ಕಾದ ಕಾವಲಿಯಂತೆ ಸುಡುತ್ತಿತ್ತು.

“ನಿಮಗೆ ಜ್ವರ ಇದೆಯಲ್ಲ.”

“ಮೂರು ದಿನ ಆತು ಅಕ್ಕಾರೆ. ಹೋಗ್ತೈತೆ ಬಿಡ್ರಿ.”

“ನನ್ನ ಬ್ಯಾಗಲ್ಲಿ ಜ್ವರದ ಮಾತ್ರೆ ಇದೆ, ತಗೊಳ್ಳಿ.”

ಐಶ್ವರ್ಯ ಒಂದು ಹೆಜ್ಜೆ ಹಿಂದೆ ಸರಿದಳು. “ಬ್ಯಾಡ್ರಿ. ನಾನು ಮಾತ್ರೆ ನುಂಗಂಗಿಲ್ಲ. ಐದು ವರ್ಷ ಆತು.” ಮತ್ತೆ ಟೇಪು ಹಿಡಿದು, ಸುಮ್ಮನೆ ಹವಾಮಾನದ ಮಾತಾಡಿದಂತೆ ಹೇಳಿದಳು: “ಒಂದು ಸಲ ನುಂಗಿದ್ದೆ. ಸಾಕಾತು. ತೋಳು ಎಷ್ಟು ಉದ್ದ ಇಡ್ಲಿ ಅಕ್ಕಾರೆ?”

ಸುಷ್ಮಾ ಏನು ಉತ್ತರ ಕೊಟ್ಟಳೋ ಅವಳಿಗೇ ನೆನಪಿಲ್ಲ. ಹೊರಗೆ ಬಂದವಳೇ ರಸ್ತೆಬದಿಯ ಬೇವಿನ ಮರದ ಕೆಳಗೆ ನಿಂತು ಬಕ್ಕೇಶನಿಗೆ ಫೋನ್ ಮಾಡಿದಳು. “ನಾಳೆ ಬನ್ನಿ. ರಿಪೋರ್ಟ್ ತಗೊಂಡು ಬನ್ನಿ.”

ಬುಧವಾರ ಅವನು ನಗುತ್ತಲೇ ಬಂದ. ಮಂಡಕ್ಕಿ ಪೊಟ್ಟಣ ಮೇಜಿನ ಮೇಲಿಟ್ಟ. ಅವಳು ಅದನ್ನು ಪಕ್ಕಕ್ಕೆ ಸರಿಸಿ ಎರಡನೇ ಪುಟ ತೆರೆದಳು.

“ಇಲ್ಲಿ ನಿಮ್ಮ ಹೆಸರಿದೆ, ನೋಡಿ. ಪ್ರತಿಯೊಬ್ಬರಲ್ಲೂ ಈ ಜೀನ್ ಎರಡೆರಡು ಪ್ರತಿ ಇರುತ್ತೆ. ನಿಮ್ಮಲ್ಲಿ ಒಂದು ಕೆಟ್ಟಿದೆ. ಇನ್ನೊಂದು ಚೆನ್ನಾಗಿರೋದ್ರಿಂದ ನಿಮಗೆ ಏನೂ ಆಗಿಲ್ಲ. ಐಶ್ವರ್ಯ ಅವರಲ್ಲೂ ಹಾಗೇ ಇರಬೇಕು, ಹೆಚ್ಚು ಕಮ್ಮಿ ಖಚಿತ. ಕೃತಿಗೆ ಇಬ್ಬರ ಕೆಟ್ಟ ಪ್ರತೀನೂ ಬಂದಿದೆ. ಅರ್ಧ ನಿಮ್ಮಿಂದ, ಅರ್ಧ ಅವರಿಂದ.”

“ಮತ್ತೆ ಆ ಮಾತ್ರೆ?”

“ಮಾತ್ರೆಯಿಂದ ಆಗಿಲ್ಲ. ಅವರು ಅದನ್ನ ನುಂಗೋಕೆ ಮುಂಚೆನೇ ಕೃತಿಯಲ್ಲಿ ಇದಿತ್ತು. ನಿಮಗೆ ಬಹುಶಃ ನಿಮ್ಮ ತಾಯಿಯಿಂದ ಬಂದಿದೆ, ಐಶ್ವರ್ಯ ಅವರಿಗೆ ನಿಮ್ಮ ಮಾವನಿಂದ. ಒಂದೇ ಮನೆತನ. ತಪ್ಪು ಯಾರದ್ದೂ ಅಲ್ಲ.”

ಬಕ್ಕೇಶ್ ಆ ಸಾಲಿನ ಮೇಲೆ ಬೆರಳಿಟ್ಟ. ಪಕ್ಕದ ಲ್ಯಾಬಿನಲ್ಲಿ ಹುಡುಗರು ಕುರ್ಚಿ ಎಳೆಯುವ ಸದ್ದು. “ನಾನು ಒಂದು ಮಾತು ಅವಳ ಕಡೆ ಆಡ್ಲಿಲ್ಲ ರೀ,” ಎಂದ. “ಅವ್ವ ಅಂದಾಗೆಲ್ಲಾ ಸುಮ್ನೆ ಕುಂತಿದ್ದೆ.” ಆಮೇಲೆ ತಲೆಯೆತ್ತಿದ. “ನಿಮಗೆ ಇದು ಮೊದಲ ದಿನಾನೇ ಗೊತ್ತಿತ್ತೇನ್ರಿ?”

“ಮೊದಲ ದಿನ ಅವರು ಬದುಕಿಲ್ಲ ಅಂದ್ಕೊಂಡಿದ್ದೆ. ನಿಮ್ಮನೆಗೆ ಬಂದ ಭಾನುವಾರದಿಂದ ಗೊತ್ತು. ಹತ್ತು ದಿನ ಮುಚ್ಚಿಟ್ಟೆ.”

“ಯಾಕ್ರಿ?”

ಸುಳ್ಳು ಹೇಳಬಹುದಿತ್ತು. ಅವಳು ಮೇಜಿನ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು.

“ಹೇಳಿದ್ರೆ ಬುಧವಾರಗಳು ನಿಂತುಹೋಗ್ತವೆ ಅಂತ.”

ಅವನಿಗೆ ಅರ್ಥವಾಯಿತು. ಮುಖದಲ್ಲಿ ಒಂದು ಕ್ಷಣ ಬೆಳಕು ಬಂದು, ಬಂದಷ್ಟೇ ಬೇಗ ನೋವಾಗಿ ಇಳಿಯಿತು. ಅವನ ಕೈ ಅವಳ ಕೈಯ ಹತ್ತಿರದವರೆಗೆ ಬಂತು. ಅಲ್ಲೇ, ನಾಲ್ಕು ಬೆರಳ ದೂರದಲ್ಲಿ, ಮೇಜಿನ ಮೇಲೆ ನಿಂತಿತು.

“ಶುಕ್ರವಾರ ಕೋರ್ಟ್ ಐತೆ. ನಾಳೆ ಅವಳ ಮನೆಗೆ ನೀವೂ ಬರ್ತೀರೇನ್ರಿ? ನನ್ನ ಬಾಯಿಂದ ಹೇಳಿದ್ರೆ ಅವಳು ನಂಬಂಗಿಲ್ಲ. ನಂಬೋ ಹಂಗೆ ನಾನು ನಡ್ಕೊಂಡೂ ಇಲ್ಲ.”

ಸುಷ್ಮಾ ಹೋದಳು. ದಾರಿಯಲ್ಲಿ ಅವನು, “ಅವ್ವಗೆ ಹೇಳಿದೆ. ‘ನನ್ನ ಹೊಟ್ಟೆಯಿಂದಾನೇ ಬಂತೇನೋ’ ಅಂದು ಊಟ ಬಿಟ್ಟು ಕುಂತಾಳೆ,” ಎಂದ. ಅಷ್ಟೇ ಮಾತು.

ಬಾಗಿಲಲ್ಲಿ ಇಬ್ಬರನ್ನೂ ಒಟ್ಟಿಗೆ ಕಂಡು ಐಶ್ವರ್ಯ ತಬ್ಬಿಬ್ಬಾದಳು. ಸುಷ್ಮಾ ತಾನು ಯಾರೆಂದು ಹೇಳಿದಳು, ಬ್ಲೌಸ್ ನೆಪ ಮಾಡಿಕೊಂಡು ಬಂದದ್ದಕ್ಕೆ ಕ್ಷಮೆ ಕೇಳಿದಳು. ನಂತರ ಹೊಲಿಗೆ ಮೆಷಿನ್ನಿನ ಮೇಲೆ ಹಾಳೆಯಿಟ್ಟು ಎಲ್ಲವನ್ನೂ ಮೊದಲಿನಿಂದ ವಿವರಿಸಿದಳು. ಐಶ್ವರ್ಯ ಹಾಳೆ ನೋಡಲಿಲ್ಲ. ಸುಷ್ಮಾಳ ಬಾಯನ್ನೇ ನೋಡುತ್ತಿದ್ದಳು.

“ಮಾತ್ರೆ ಅಲ್ಲಾ?”

“ಅಲ್ಲ.”

“ಇನ್ನೊಂದು ಸಲ ಹೇಳ್ರಿ ಅಕ್ಕಾರೆ.”

“ಮಾತ್ರೆಯಿಂದ ಅಲ್ಲ. ನಿಮ್ಮಿಂದ ಏನೂ ತಪ್ಪಾಗಿಲ್ಲ.”

ಐಶ್ವರ್ಯ ಅಲ್ಲೇ, ಬಟ್ಟೆ ಚೂರುಗಳ ನಡುವೆ ನೆಲದ ಮೇಲೆ ಕೂತುಬಿಟ್ಟಳು. ಅಳು ತಕ್ಷಣ ಬರಲಿಲ್ಲ. ಬಂದಾಗ ಸದ್ದಿಲ್ಲದೆ, ಮೈಯೆಲ್ಲ ಅಲುಗಿಸಿಕೊಂಡು ಬಂತು. ಬಕ್ಕೇಶ್ ಅವಳೆದುರು ಕುಕ್ಕರಗಾಲಲ್ಲಿ ಕೂತು, “ನಾನು ಸುಮ್ನೆ ಕುಂತಿದ್ದೆ, ಐಶು. ನಂದು ತಪ್ಪು,” ಎಂದ.

ಹೇಳಲೇಬೇಕಾದ ಮಾತು ಇನ್ನೊಂದಿತ್ತು. ಸುಷ್ಮಾ ಅದನ್ನೂ ಹೇಳಿದಳು. “ಮುಂದೆ ನೀವಿಬ್ರೂ ಇನ್ನೊಂದು ಮಗು ಬೇಕು ಅಂದ್ಕೊಂಡ್ರೆ, ನಾಲ್ಕರಲ್ಲಿ ಒಂದು ಪಾಲು ಮತ್ತೆ ಹೀಗಾಗೋ ಸಾಧ್ಯತೆ ಇರುತ್ತೆ. ಬಸಿರಾದ ಶುರುವಲ್ಲೇ ಟೆಸ್ಟ್ ಮಾಡಿ ತಿಳ್ಕೋಬಹುದು. ಡಾಕ್ಟರನ್ನ ಮೊದಲೇ ನೋಡಿ.”

ಐಶ್ವರ್ಯ ಸೆರಗಿನಿಂದ ಮುಖ ಒರೆಸಿಕೊಂಡು ಗಂಡನತ್ತ ತಿರುಗಿದಳು. “ಮಾವ, ಕೃತಿ ಈಗ ಕೂಡ್ತಾಳೇನು?”

“ಆನಿಸಿ ಕೂಡ್ಸಿದ್ರೆ ಕೂಡ್ತಾಳೆ.”

“ನಗ್ತಾಳಾ?”

“ಫ್ಯಾನ್ ನೋಡಿ ನಗ್ತಾಳೆ.”

“ಬಾಳೆಹಣ್ಣು ನುಂಗ್ತಾಳಾ? ಕಿವುಚಿ ಕೊಡ್ಬೇಕು, ನಾರು ತೆಗೆದು...”

ಪ್ರಶ್ನೆಯ ಮೇಲೆ ಪ್ರಶ್ನೆ ಬರತೊಡಗಿದವು. ಎರಡು ವರ್ಷದ ಪ್ರಶ್ನೆಗಳು. ಅವರಿಬ್ಬರ ನಡುವೆ ತನಗೆ ತಿಳಿಯದ ಒಂದು ಮನೆ ಎದ್ದು ನಿಲ್ಲುವುದನ್ನು ಸುಷ್ಮಾ ನೋಡಿದಳು. ಆ ಕೋಣೆಯಲ್ಲಿ ಅವಳಿಗೆ ಇನ್ನು ಕೆಲಸವಿರಲಿಲ್ಲ. ಬ್ಯಾಗಿನಿಂದ ಜ್ವರದ ಮಾತ್ರೆಯ ಸ್ಟ್ರಿಪ್ ತೆಗೆದು ಮೆಷಿನ್ನಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡಳು.

ಗೇಟಿನ ಬಳಿ ಹಿಂದಿನಿಂದ ಹೆಜ್ಜೆ ಸದ್ದಾಯಿತು. ಬಕ್ಕೇಶ್ ಬರಿಗಾಲಲ್ಲಿ ಬಂದಿದ್ದ.

“ನನಗೂ ಬುಧವಾರ ಬರೋತನಕ ವಾರ ಸರೀತಿರ್ಲಿಲ್ಲ ರೀ,” ಎಂದ. “ಇದನ್ನ ಹೇಳಬಾರದು. ಆದ್ರೂ ನಿಮಗೆ ಗೊತ್ತಿರ್ಲಿ.”

ಅವಳು ಅವನನ್ನು ಪೂರ್ತಿಯಾಗಿ ನೋಡಿದಳು. ಇಷ್ಟು ದಿನ ಕದ್ದು ನೋಡಿದ್ದನ್ನೆಲ್ಲ, ಎಡಗೆನ್ನೆಯ ಗೆರೆಯನ್ನೂ ಸೇರಿಸಿ.

“ಒಳಗೆ ಹೋಗಿ. ಅವರು ಕಾಯ್ತಿದ್ದಾರೆ. ನಾನು ಹೋಗ್ತೀನಿ.”

“ಹಂಗನ್ನಬಾರದು. ಬರ್ತೀನಿ ಅನ್ರಿ.”

ಎಲ್ಲರೂ ಹಾಗೇ ಅನ್ನುತ್ತಾರೆ. ಅವಳೂ ಜೀವಮಾನವಿಡೀ ಎಲ್ಲರ ಬಾಗಿಲಲ್ಲೂ ಹಾಗೇ ಅಂದಿದ್ದಳು. ಈ ಬಾಗಿಲಲ್ಲಿ ಮಾತ್ರ ಆ ಮಾತು ಹೊರಡಲಿಲ್ಲ. ತಲೆಯಾಡಿಸಿ, ನಕ್ಕು, ಬೀದಿಗಿಳಿದಳು.

ಶುಕ್ರವಾರ ಮಧ್ಯಾಹ್ನ ಮೆಸೇಜ್ ಬಂತು: ಕೇಸ್ ವಾಪಸ್ ತಗೊಂಡ್ವಿ. ಅವಳು ಈಗ ಹರಿಹರದ ಮನೆಗೆ ಬಂದಾಳೆ.

ಸುಷ್ಮಾ ಅದನ್ನು ಎರಡು ಸಲ ಓದಿ, ಒಳ್ಳೇದಾಯ್ತು ಎಂದು ಬರೆದು ಕಳಿಸಿದಳು. ನಿಜಕ್ಕೂ ಒಳ್ಳೆಯದಾಗಿತ್ತು. ಫೋನು ಮಗುಚಿಟ್ಟು, ಸ್ಟಾಫ್ ರೂಮಿನ ಕಿಟಕಿಯ ಹತ್ತಿರ ನಿಂತು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅತ್ತಳು. ಎರಡು ಗಂಟೆಯ ಬೆಲ್ ಹೊಡೆದಾಗ ಮುಖ ತೊಳೆದು ಕ್ಲಾಸಿಗೆ ಹೋದಳು.